ಕಸದಬುಟ್ಟಿಯ ಕೊನೆಯ ದಿನ

ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನರ್ಸಮ್ಮನ ನಿದ್ದೆಗೆ ಮುಂದಿನ ಸೀಟಿನ ಅಕ್ಕತಂಗಿಯರು ಕಲ್ಲು ಹಾಕಿದರು. ಅಕ್ಕನ ಕೊರಳಲ್ಲಿ ಹೊಲಿಗೆಯ ಟೇಪು ಇನ್ನೂ ಜೋತಾಡುತ್ತಿತ್ತು. ತಂಗಿಯ ಕಾಲ ಬಳಿ ಅಕ್ಕನ ಚೀಲವಿತ್ತು.

“ಟ್ಯಾಬಲ್ಲಿ ಜಾಗ ಇಲ್ಲ ಅಂತು. ಅದೇ ಫೋಟೋಗಳು ಫೋನಲ್ಲೂ ಇದ್ವಲ್ಲ, ಟ್ಯಾಬಿಂದ ಅಳಿಸಿದೆ.”

“ಅಯ್ಯೋ ಅಕ್ಕಾ, ಎರಡೂ ಒಂದೇ ಅಕೌಂಟು, ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಹೋಗುತ್ತೆ! ಅಪ್ಪ ಕೈಯಾರೆ ಬರೆದ ಕಟಿಂಗ್ ನಕ್ಷೆಗಳು ಕಣೇ ಅವು!”

“ಕಾಗದಾನ ಗೆದ್ದಲು ತಿಂತು, ಫೋಟೋನ ನಾನು ತಿಂದೆ. ಈಗ ದಾರಿ ಹೇಳು.”

“ಅಳಿಸಿದ್ದು ಆನ್‌ಲೈನ್ ಕಸದಬುಟ್ಟೀಲಿ ಮೂವತ್ತು ದಿನ ಇರುತ್ತೆ. ನೀನು ಅಳಿಸಿ ಎಷ್ಟು ದಿನ ಆಯ್ತು?”

“ಇವತ್ತಿಗೆ ಮೂವತ್ತು. ವಾಪಸ್ ತೆಗೆಯೋಕೆ ಹೋದ್ರೆ ಪಾಸ್‌ವರ್ಡ್ ಕೇಳ್ತಿದೆ, ನನಗೆ ಮರೆತೇ ಹೋಗಿದೆ.”

“ಹಾಗಾದ್ರೆ ಹೊಸ ಪಾಸ್‌ವರ್ಡ್ ಹಾಕೋ ಕೋಡು ನಿನ್ನ ಹಳೇ ಫೋನ್ ನಂಬರಿಗೇ ಬರೋದು. ಅದು ತಮ್ಮನ ಹತ್ರ ಇದೆಯಲ್ಲ!”

“ಗೊತ್ತು. ಅವನ ಟೈಲರ್ ಅಂಗಡಿಗೇ ಹೊರಟಿರೋದು.”

“ಅಪ್ಪನ ಕತ್ತರಿಗೋಸ್ಕರ ಕಿತ್ತಾಡಿ ಮಾತು ಬಿಟ್ಟು ಎರಡು ವರ್ಷ. ಬಾಗಿಲಲ್ಲೇ ನಿಲ್ಲಿಸಿದ್ರೆ?”

“ಬಾಗಿಲಲ್ಲೇ ನಿಂತು ಕೇಳ್ತೀನಿ. ಆ ನಕ್ಷೆ ಅವನಿಗೂ ಬೇಕು.”

“ನೀನು ಸೋತ ಹಾಗಾಗಲ್ವಾ?”

“ಆಗ್ಲಿ ಬಿಡು. ಏಳು, ಸ್ಟಾಪ್ ಬಂತು.”

ತಂಗಿ ಚೀಲ ಎತ್ತಲು ಹೋಗಿ ಮುಗ್ಗರಿಸಿದಳು.

“ಏನೇ ಇದು, ಇಷ್ಟು ಭಾರ?”

“ಅಪ್ಪನ ಕತ್ತರಿ. ಮೊದಲು ಅದನ್ನ ಅವನ ಕೈಗೆ ಕೊಡ್ತೀನಿ. ಕೋಡು ಕೇಳೋದು ಆಮೇಲೆ.”

ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಅಕ್ಕ ಮೊದಲು ಇಳಿದಳು.