ಮಾಲತೇಶನ ಎಡಗಾಲು

೧೯೬೨ರ ಬೇಸಿಗೆ. ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದ ಕಟ್ಟೆಯ ಮೇಲೆ ಮೊಣಕಾಲು ತರಚಿಕೊಂಡ ಇಬ್ಬರು ಕೂತಿದ್ದರು. ಹಂಸಭಾವಿಯಲ್ಲಿ ಪಂದ್ಯ ಸೋತು ಹಿರೇಬೆಂಡಿಗೇರಿಗೆ ಹೊರಟವರು. ಕಬಡ್ಡಿಗೆ ಈ ಕಡೆ ಹುತುತು ಎನ್ನುತ್ತಾರೆ. ದಾಳಿಗೆ ಬಂದವನು ಉಸಿರು ಬಿಡದೆ ಅದನ್ನೇ ಅನ್ನುತ್ತಿರಬೇಕು.

“ಉಳಿದವ್ರನ್ನೆಲ್ಲಾ ಹಿಡದ್ವಿ, ನೀಲಪ್ಪ. ಆ ಮಾಲತೇಶ ಒಬ್ಬನ ಬಂದು ನಮ್ಮನ್ನ ಬಡದು ಹ್ವಾದ.”

“ಹೌದು, ಗದಿಗೆಪ್ಪಣ್ಣ. ಛಲೋ ಆಡಿದ.”

“ಅವನ್ನ ಹೆಂಗ ಹಿಡೀಬೇಕೋ?”

“ತಮ್ಮ ಕಡೆ ಹೊಳ್ಳೂ ಮುಂದ ಎಡಗಾಲು ಹಿಂದ ಬಿಡ್ತಾನ. ಅದನ್ನ ಹಿಡದ್ರ ಮುಗೀತು. ಸಣ್ಣಾಂವ ಇದ್ದಾಗಿಂದ ಹಂಗ.”

“ನಿನ್ನ ಖಾಸ ತಮ್ಮ, ನಿನಗ ಗೊತ್ತಿರ್ತೈತಿ. ಆ ಕಾಲು ಇವತ್ತ ನಿನ್ನ ಕೈಯಾಗ ಸಿಕ್ಕಿತ್ತಲ್ಲ, ಯಾಕ ಬಿಟ್ಟಿ?”



“ಹಂಸಭಾವಿಗೆ ಮನಿ ಅಳಿಯ ಆಗಿ ಹೋಗಬ್ಯಾಡ ಅಂದಿದ್ದೆ. ಅವತ್ತಿಂದ ನನ್ನ ಕೂಡ ಮಾತು ಬಿಟ್ಟಾನ. ಅವ್ವನ ಮಣ್ಣಿಗೆ ಬಂದಾಗೂ ತುಟಿ ಬಿಚ್ಚಲಿಲ್ಲ.”

“ಅದಕ್ಕ ಕಾಲು ಬಿಡೂದೇನು?”

“ನಮ್ಮ ಕಡೆ ಬಂದು ಹುತುತು ಹುತುತು ಅನ್ನೂವಾಗಷ್ಟ ಅವನ ಧ್ವನಿ ಕೇಳ್ತೇನಿ, ಅಣ್ಣ. ಹಿಡದ್ರ ಅದೂ ನಿಂತ್ಹೋಗ್ತೈತಿ.”

ಬಸ್ಸು ಬಂತು. ಗದಿಗೆಪ್ಪ ಎದ್ದು ಧೂಳು ಜಾಡಿಸಿಕೊಂಡ.

“ಐತವಾರ ಸವಣೂರಾಗ ಮತ್ತ ಅವರ ಕೂಡನ ಐತಿ. ಅವತ್ತ ನೀ ಆಡಬ್ಯಾಡ, ಹೊರಗ ಕುಂದ್ರು.”

“ಹೊರಗ ಕುಂತ್ರ ಕೇಳಸ್ತೈತೇನಣ್ಣ?” ಎನ್ನುತ್ತ ನೀಲಪ್ಪ ಅವನ ಹಿಂದೆಯೇ ಬಸ್ಸು ಹತ್ತಿದ.