ಪಾದ್ರಿಮನೆಯ ಕೊಡುಗೆಯ ಸಂಜೆ

ಮಾನ್ಯ ಅಧ್ಯಕ್ಷರಾದ ಪೆಟಿಬೋನ್ ಅವರೇ, ಅವರ ಪಕ್ಕದಲ್ಲಿ ಕುಳಿತಿರುವ ಶ್ರೀಮತಿ ಪೆಟಿಬೋನ್ ಅವರೇ, ಹಾರ್ಲೋ ಊರಿನ ಸಭಿಕರೇ,

ಹದಿನಾರು ವರ್ಷ ಈ ಚರ್ಚಿನಲ್ಲಿ ನಾನು ಮಾತನಾಡುವಾಗ ನಿಮ್ಮಲ್ಲಿ ಅನೇಕರು ನಿದ್ದೆ ಮಾಡಿದ್ದೀರಿ. ಇವತ್ತು ಎಲ್ಲರೂ ಎಚ್ಚರವಾಗಿದ್ದೀರಿ. ಪಾದ್ರಿ ಊರು ಬಿಡುತ್ತಾನೆಂದರೆ ಎಂಥ ಉತ್ಸಾಹ ಬರುತ್ತದೆಂದು ಈಗ ತಿಳಿಯಿತು.

೧೮೭೧ರಲ್ಲಿ ನಾನು ಹೆಂಡತಿ ಲುಸಿಂಡಾ ಮತ್ತು ಮೂರು ವರ್ಷದ ಮಗಳೊಂದಿಗೆ ವರ್ಮಾಂಟಿನ ಈ ಊರಿಗೆ ಬಂದಾಗ ಪೆಟಿಬೋನ್ ಅವರು ಹೇಳಿದ್ದರು: "ಪಾದ್ರಿಗಳೇ, ಸಂಬಳ ಚಿಕ್ಕದು. ಆದ್ರೆ ನಮ್ಮ ಜನ ನಿಮ್ಮನ್ನ ಉಪವಾಸ ಕೆಡವಲ್ಲ." ನಿಜ. ಪ್ರತಿ ಚಳಿಗಾಲ ಒಂದು ಸಂಜೆ ಊರಿಗೆ ಊರೇ ಕೊಡುಗೆ ಹಿಡಿದು ನಮ್ಮ ಮನೆಗೆ ಬಂದಿರಿ. ತಂದದ್ದನ್ನು ಅಲ್ಲೇ ಕುಳಿತು ತಿಂದಿರಿ. ಲುಸಿಂಡಾ ಬೇಸಿಗೆಯಿಡೀ ಜಾಡಿಗಳಲ್ಲಿ ತುಂಬಿಟ್ಟ ಪೀಚ್ ಹಣ್ಣನ್ನೂ ತಿಂದಿರಿ. ಮರುದಿನಕ್ಕೆ ಉಳಿಯುತ್ತಿದ್ದದ್ದು ರಾಶಿ ರಾಶಿ ಒಣಗಿಸಿದ ಸೇಬು ಮಾತ್ರ. ಮರುಭೂಮಿಯಲ್ಲಿ ಮೋಶೆಯ ಜನಕ್ಕೆ ದೇವರು ಆಕಾಶದಿಂದ ಸುರಿಸಿದ ಮನ್ನಾ ಎಂಬ ಆಹಾರವೂ ಅಷ್ಟಿರಲಿಕ್ಕಿಲ್ಲ.

ಒಮ್ಮೆ ಶ್ರೀಮತಿ ಪೆಟಿಬೋನ್ ನಮ್ಮ ಅಡುಗೆಮನೆಯ ಕಪಾಟು ತೆರೆದರು. "ಅಯ್ಯೋ ಪಾದ್ರಿಯಮ್ಮ, ಇಷ್ಟು ಸಕ್ಕರೆ ಮುಚ್ಚಿಟ್ಕೊಂಡಿದ್ದೀರಾ? ಹಾಗಾದ್ರೆ ನಮ್ಮದು ವಾಪಸ್ ಒಯ್ಯೋಣ್ವಾ?" ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ನಾನೇಕೆ ನಕ್ಕೆ? ಎಲ್ಲರೂ ಹೋದ ಮೇಲೆ ಲುಸಿಂಡಾ ತಟ್ಟೆ ತೊಳೆಯುತ್ತ, "ಒಂದ್ಸಲ ಬೇಡ ಅನ್ರೀ. ಒಂದೇ ಒಂದ್ಸಲ," ಎಂದಳು. ನಾನು ಅವಳಿಗೆ ದೀನತೆಯ ಬಗ್ಗೆ ಉಪದೇಶ ಮಾಡಿದೆ. ಉಪದೇಶ ಮಾಡುವುದು ನನಗೆ ಬರುತ್ತದೆ.

ಕಳೆದ ಫೆಬ್ರವರಿಯಲ್ಲಿ ಅವಳಿಗೆ ಎದೆ ಕಟ್ಟಿ ಜ್ವರ ಬಂದಿತ್ತು. ಕೊಡುಗೆಯ ಸಂಜೆಯನ್ನು ಮುಂದೂಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಜನ ಏನಂದ್ಕೋತಾರೆ, ಸ್ವಲ್ಪ ಮುಖ ತೋರಿಸು," ಎಂದು ನಾನೇ ಎಬ್ಬಿಸಿದೆ. ಎಪ್ಪತ್ತು ಜನಕ್ಕೆ ಕಾಫಿ ಕೊಟ್ಟಳು. ಅದಾದ ಒಂಬತ್ತನೆಯ ದಿನ ತೀರಿಕೊಂಡಳು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮಣ್ಣು ಮಾಡಲು ಏಪ್ರಿಲ್‌ವರೆಗೆ ಕಾದೆವು.

ಕ್ಷಮಿಸಿ, ಇದು ನಾನು ಬರೆದು ತಂದ ಭಾಷಣದಲ್ಲಿ ಇರಲಿಲ್ಲ.

ಮಗಳು ಆರ್ಫಾ ಹೊರಗೆ ಗಾಡಿಯಲ್ಲಿ ಕುಳಿತಿದ್ದಾಳೆ. ನನ್ನ ಜೊತೆ ನೆಬ್ರಾಸ್ಕಾದ ಹೊಸ ಚರ್ಚಿಗೆ ಹೊರಟವಳು. ನನಗಿರುವುದು ಅವಳೊಬ್ಬಳೇ. ಬೆಳಿಗ್ಗೆ ಹೇಳಿದಳು: "ಅಪ್ಪ, ಇವತ್ತೂ ಮೇಜಿನ ತುಂಬ ತಂದಿಟ್ಟಿರ್ತಾರೆ. ಎಲ್ಲರೆದುರಿಗೆ ಬೇಡ ಅನ್ನಿ, ನಿಮ್ಮ ಜೊತೆ ಬರ್ತೀನಿ. ಇಲ್ಲಾಂದ್ರೆ ಲೋವೆಲ್‌ನಲ್ಲಿ ಚಿಕ್ಕಮ್ಮನ ಹತ್ರ ಇದ್ದು ಬಟ್ಟೆ ಮಿಲ್ಲಲ್ಲಿ ದುಡೀತೀನಿ. ಇನ್ನೊಂದೂರಿನ ಒಣ ಸೇಬಿಗೆ ಹಲ್ಲುಕಿರಿಯೋಕೆ ನನ್ನಿಂದಾಗಲ್ಲ."

ಕಿಟಕಿ ತೆರೆದಿದೆ. ಅವಳಿಗೆ ಎಲ್ಲ ಕೇಳಿಸುತ್ತಿದೆ.

ಎಷ್ಟು ಸುಲಭದ ಮಾತು ಅದು, ಸಭಿಕರೇ. ಹೇಳುತ್ತೇನೆ. ಈ ಹಿಟ್ಟಿನ ಚೀಲ, ಈ ಹಂದಿಮಾಂಸ, ನಿಮ್ಮೆಲ್ಲರ ಹೆಸರು ಹೊಲಿದ ಈ ಕೌದಿ, ಇವನ್ನು ನಾನು...

ಶ್ರೀಮತಿ ಪೆಟಿಬೋನ್ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಕೌದಿಯ ಅಂಚನ್ನು ಅವರೇ ಹೊಲಿದರಂತೆ.

ಇವನ್ನು ನಾನು ಕೃತಜ್ಞತೆಯಿಂದ ಸ್ವೀಕರಿಸುತ್ತೇನೆ.

ಹಿಟ್ಟಿನ ಚೀಲಕ್ಕೆ ಗಾಡಿಯಲ್ಲಿ ಜಾಗವಿದೆಯೇ ಎಂದು ಅಧ್ಯಕ್ಷರು ಕೇಳುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ಆರ್ಫಾ ತನ್ನ ಪೆಟ್ಟಿಗೆ ಇಳಿಸಿಕೊಂಡಳು. ಜಾಗವಿದೆ, ಪೆಟಿಬೋನ್ ಅವರೇ. ಬೇಕಾದಷ್ಟಿದೆ.

ನೀವು ಕೊಟ್ಟದ್ದಕ್ಕೆಲ್ಲ ವಂದನೆಗಳು. ನಮಸ್ಕಾರ.