ಮುಖ ತೋರಿಸಿ ಮಾತಾಡು

...ಇರು, ಎದ್ದು ಹೋಗಬೇಡ. ನನ್ನ ಹಳೇ ಡೈರಿಯ ಇದೊಂದು ಪುಟ ಕೇಳಿಸಿಕೊಂಡು ಹೋಗು. ಸಾವಿರದ ಒಂಬೈನೂರ ಎಂಬತ್ತನಾಲ್ಕು, ಮಾರ್ಚ್ ಹತ್ತೊಂಬತ್ತು. 'ಇಂದು ನನ್ನ ಹುಟ್ಟುಹಬ್ಬ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಲ್ಲಿ ಜೋರಾಗಿ ಸುರಿಯುತ್ತಿತ್ತು. ಆದರೂ ಒಳಗೆ ತೊಟ್ಟಿಲಲ್ಲಿ ಮಗು ಮಗ್ಗುಲು ಬದಲಿಸಿದ್ದು ಕೇಳಿಸಿತು. ಅದು ಅಳಲು ಬಾಯಿ ತೆರೆಯುವ ಮೊದಲೇ ಹೋಗಿ ಎತ್ತಿಕೊಂಡೆ.' ಯಾರು ಆ ಮಗು? ನಿನ್ನ ಗಂಡ. ಇವತ್ತು ಅವನೇ ನನ್ನ ಮುಂದೆ ಕೈಕಟ್ಟಿ ನಿಂತು, ಪಾಪು ಅಷ್ಟು ಹೊತ್ತು ಅತ್ತದ್ದು ನಿನಗೆ ಗೊತ್ತೇ ಆಗಲಿಲ್ಲವಾ ಅಂತ ಕೇಳ್ತಾನೆ. ನನ್ನನ್ನ. ಹುಟ್ಟುಹಬ್ಬದ ದಿನ.

ಲೈಟ್ ಹಾಕಮ್ಮ, ಕತ್ತಲಾಗ್ತಾ ಬಂತು. ಮುಖ ಕಾಣದವರ ಜೊತೆ ಮಾತಾಡೋದು ನನಗೆ ಆಗಿಬರೋಲ್ಲ... ಹಾಂ, ಹೀಗೆ. ಇಲ್ಲೇ, ನನ್ನ ಎದುರಿಗೇ ಕೂತ್ಕೋ.

ಯಾಕೆ ನಗ್ತೀಯ? ನಗು ಅಲ್ಲವಾ ಅದು? ಸರಿ, ಬಿಡು.

ನಡೆದದ್ದನ್ನ ನಡೆದ ಹಾಗೆ ಹೇಳ್ತೀನಿ. ಆ ಕಾಲಕ್ಕೆ ಕಾಲೇಜು ಮುಗಿಸಿದವಳು ನಾನು, ಒಂದಕ್ಕೆರಡು ಸೇರಿಸಿ ಹೇಳೋ ಅಭ್ಯಾಸ ನನಗಿಲ್ಲ. ನೀವಿಬ್ಬರೂ ಕೇಕ್ ತರೋಕೆ ಹೋದ್ರಿ. ಮಕ್ಕಳನ್ನ ನನ್ನ ಕೈಗೆ ಒಪ್ಪಿಸಿದ್ರಿ, ದಿನಾ ಆಫೀಸಿಗೆ ಹೋಗುವಾಗ ಒಪ್ಪಿಸ್ತೀರಲ್ಲ, ಹಾಗೇ. ಪುಟ್ಟಿ ಕೆನ್ನೆ ಕೆಂಪಗೆ ಮಾಡಿಕೊಂಡು ಬಲೂನು ಊದ್ತಿದ್ದಳು. ತಮ್ಮ ಪಾಪು ಅವಳ ಹಿಂದೆ ಬಾಲದ ಹಾಗೆ ಸುತ್ತುತ್ತಿದ್ದ. ನಾನು ಈ ಕುರ್ಚಿಯಲ್ಲೇ ಕೂತು, ಸಂಜೆ ಮಕ್ಕಳಿಗೆ ಓದಿ ಹೇಳೋಕೆ ಯಾವ ಪುಟ ಚೆನ್ನ ಅಂತ ಡೈರಿ ತಿರುವಿ ಹಾಕ್ತಿದ್ದೆ. ಪ್ರತಿ ಹುಟ್ಟುಹಬ್ಬಕ್ಕೂ ಒಂದು ಹಳೇ ಪುಟ, ನಿನಗೆ ಗೊತ್ತಲ್ಲ. ನೀವು ಬಂದ್ರಿ, ಸಾಮಾನು ಕೋಣೆ ಬಾಗಿಲು ತೆಗೆದ್ರಿ, ಒಳಗೆ ಪಾಪು. ಅಷ್ಟೇ ನನಗೆ ಗೊತ್ತಿರೋದು. ಪುಟ್ಟಿ ಆಟಕ್ಕೆ ಅಂತ ಕೂಡಿ ಚಿಲಕ ಹಾಕಿದಾಳೆ, ಆಮೇಲೆ ಮರೆತಿದಾಳೆ. ಮಕ್ಕಳು ಅಂದ ಮೇಲೆ ಇದೆಲ್ಲ ಇದ್ದದ್ದೇ.

ಯಾಕೆ ಆ ಚಿಲಕವನ್ನೇ ನೋಡ್ತೀಯ?

ಅವಳಿಗೆ ಎಟುಕೋಲ್ಲ ಅಂತಲಾ? ಸ್ಟೂಲ್ ಹಾಕ್ಕೊಂಡಿರ್ತಾಳೆ. ಆರು ವರ್ಷದ ಹುಡುಗಿ, ಸಾಮಾನ್ಯದವಳಾ ಅವಳು... ಏನು, ಮೇಲಕ್ಕೆ ಬೆರಳು ತೋರಿಸ್ತೀಯ? ಓ. ಸ್ಟೂಲ್ ಬೆಳಿಗ್ಗೆಯಿಂದ ಟೆರೇಸ್ ಮೇಲಿದೆ. ದೀಪದ ಸರ ಕಟ್ಟೋಕೆ ನಿನ್ನ ಗಂಡ ಒಯ್ದದ್ದು.

ಆಯ್ತು. ಚಿಲಕ ನಾನೇ ಹಾಕಿದ್ದು. ಅದಕ್ಕೇನೀಗ? ನೀರು ಕುಡಿಯೋಕೆ ಎದ್ದಿದ್ದೆ, ಬಾಗಿಲು ಹಾರು ಹೊಡೆದಿತ್ತು. ತೆರೆದ ಬಾಗಿಲು ಕಂಡರೆ ನನ್ನ ಕೈ ಸುಮ್ಮನಿರೋಲ್ಲ, ಮನೆಯವರೆಲ್ಲ ಆಡಿಕೊಂಡು ನಗ್ತೀರಲ್ಲ, ಅಜ್ಜಿ ಆಕಾಶಕ್ಕೂ ಅಗುಳಿ ಹಾಕ್ತಾರೆ ಅಂತ. ಒಳಗೆ ಡಬ್ಬಿಗಳ ಹಿಂದೆ ಮಗು ಕೂತಿದೆ ಅಂತ ನನಗೆ ಕನಸು ಬೀಳಬೇಕಿತ್ತಾ? ಅದು ಸದ್ದೇ ಮಾಡಲಿಲ್ಲ. ಮಾಡಿದ್ದರೆ... ಇಲ್ಲ, ನೋಡು, ಮಗು ಅಲ್ಲೇ ನಿದ್ದೆ ಹೋಗಿತ್ತು. ನನ್ನ ಕೇಳಿದರೆ ನಡೆದದ್ದು ಇಷ್ಟೇ.

ಹಾಗೆ ತಲೆ ಆಡಿಸಬೇಡ. ಅತ್ತು ಅತ್ತು ಪಾಪುವಿನ ದನಿ ಒಡೆದಿದೆ, ಗೊತ್ತು. ಉಗುರ ಸಂದಿಯಲ್ಲಿ ಬಾಗಿಲ ಬಣ್ಣ ಸಿಕ್ಕಿಕೊಂಡಿತ್ತು, ಅದನ್ನೂ ನೋಡಿದೆ. ನಾನೇ ಅಲ್ಲವಾ ಬಿಸಿನೀರಲ್ಲಿ ಅವನ ಕೈ ತೊಳೆದದ್ದು?

ಆದರೆ ಪುಟ್ಟಿ ಹೇಳಿದ್ದು ಸುಳ್ಳು. ಪಾಪು ಒಳಗಿದಾನೆ ಅಂತ ಅಜ್ಜಿಗೆ ಆಗಲೇ ಹೇಳ್ದೆ ಅಂತಾಳೆ. ಹೇಳಿದ್ದರೆ ನಾನು ಕಲ್ಲಿನ ಹಾಗೆ ಕೂತಿರ್ತಿದ್ದೆನಾ? ಮಾಡಿದ ತಪ್ಪಿಗಿಂತ ಸುಳ್ಳು ದೊಡ್ಡದು ಅಂತ ನಿನ್ನ ಗಂಡ ಬೈದ. ಸರಿಯಾಗೇ ಬೈದ. ಕೇಕ್ ಕೊಡಬೇಡಿ ಅಂದ. ಮಾವಂದಿರು, ಅತ್ತೆಯಂದಿರು, ಅಷ್ಟೂ ಮಕ್ಕಳ ಎದುರಿಗೆ ಅವಳನ್ನ ಒಳಗೆ ಕಳಿಸಿದ. ನನಗೇನು ಸಂತೋಷವಾಯ್ತಾ? ಅವಳಿಲ್ಲದೆ ಕೇಕ್ ಕತ್ತರಿಸೋಕೆ ನನ್ನ ಕೈ ಓಡಲಿಲ್ಲ. ಆದರೂ ಕಲಿಯಬೇಕಲ್ಲ...

ಬಂದಿದ್ದಳು, ಇಲ್ಲ ಅನ್ನಲ್ಲ. ಬಂದು ಸೆರಗು ಎಳೆದಳು. ಕೈಯಲ್ಲಿ ದೊಡ್ಡ ಕೆಂಪು ಬಲೂನು, ಅವಳ ತಲೆಗಿಂತ ದೊಡ್ಡದು. ಮುಖವೆಲ್ಲ ಬಲೂನಿನ ಹಿಂದೆ. ಬಾಯಿ ಎಲ್ಲಿ ಕಂಡಿತು ನನಗೆ? ಬಲೂನು ತೋರಿಸೋಕೆ ಬಂದಿದಾಳೆ ಅಂದ್ಕೊಂಡೆ. 'ಹೂಂ, ಜಾಣೆ ನನ್ನ ಕಂದ' ಅಂದೆ, ತಲೆ ಸವರಿದೆ. ಎರಡನೇ ಸಲವೂ ಬಂದಳು. ಆಗಲೂ...

ಏನು? ಏನಾಯ್ತು? ಯಾಕೆ ಹಾಗೆ ನೋಡ್ತೀಯ?

ಬಾಯಿ ಕಾಣಲಿಲ್ಲ ಅಂದೆನಾ? ಮಾತಿಗೆ ಅಂದೆ. ಮಾತಾಡುವಾಗ ಏನೋ ಒಂದು ಬರ್ತದೆ. ನೀನೂ ಒಳ್ಳೆ ವಕೀಲರ ಹಾಗೆ ಮಾತು ಹಿಡೀತೀಯ.

ನನ್ನನ್ನ ಎದುರುಮನೆ ಪೋಸ್ಟ್ ಮಾಸ್ಟರ್ ಅಂದ್ಕೊಂಡೆಯಾ? ಪಾಪ, ಅವರು ಕಿವಿಗೆ ಮಷಿನ್ ಹಾಕಿಸಿಕೊಂಡರು. ಏನಾಯ್ತು? ಈಗ ಆ ಮನೆಯಲ್ಲಿ ಅವರನ್ನ ಯಾರೂ ಏನೂ ಕೇಳೋಲ್ಲ. ಮೊಮ್ಮಗುವನ್ನ ಅವರ ತೊಡೆ ಮೇಲೆ ಕೂರಿಸಿ ಫೋಟೋ ತೆಗೀತಾರೆ, ತೆಗೆದ ಮೇಲೆ ಎತ್ತಿಕೊಂಡು ಹೋಗ್ತಾರೆ. ಜಗಲಿ ಮೇಲೆ ಕೂತು ರಸ್ತೆ ನೋಡ್ತಾರೆ, ಹೂವಿನ ಕುಂಡದ ಹಾಗೆ. ನನಗೆ ಅದು ಬೇಡ. ನನ್ನ ಮಕ್ಕಳನ್ನ ನಾನೇ ನೋಡಿಕೊಳ್ತೀನಿ. ಶಾಲೆಯಿಂದ ಬಂದ ತಕ್ಷಣ ಪುಟ್ಟಿ ಬ್ಯಾಗ್ ಎಸೆದು, ನನ್ನ ಎದುರಿಗೆ ನಿಂತು, ಕೈಬಾಯಿ ಆಡಿಸಿ ಎಲ್ಲ ಹೇಳ್ತಾಳೆ. ಅದೊಂದು ಗಂಟೆ ನನ್ನದು. ಅದನ್ನ ಕಿತ್ತುಕೊಳ್ಳಬೇಡ.

ಮಾತಾಡಮ್ಮ. ಬಂದಾಗಿನಿಂದ ತುಟಿ ಬಿಚ್ಚಿಲ್ಲ ನೀನು. ಬೈಯೋದಾದರೆ ಬೈದುಬಿಡು, ಅತ್ತೆ ಅಂತ ಹಿಂದೆಮುಂದೆ ನೋಡಬೇಡ.

ಎಲ್ಲಿಗೆ ಎದ್ದೆ? ಕಿಟಕಿ ಹತ್ತಿರ ಏನಿದೆ? ನನಗೆ ಬೆನ್ನು ಹಾಕಿ ನಿಲ್ಲೋದು ಯಾವ ಮರ್ಯಾದೆ? ಈ ಕಡೆ ತಿರುಗು.

ತಿರುಗು ಅಂದೆನಲ್ಲ.

ನಿನ್ನ ಭುಜ ಅಲುಗ್ತಿದೆ. ಅಳ್ತಿದ್ದೀಯಾ... ಮಾತಾಡ್ತಿದ್ದೀಯಾ? ಏನಾದರೂ ಕೇಳ್ತಿದ್ದೀಯಾ ನನ್ನನ್ನ? ಈ ಕಡೆ ತಿರುಗಿ ಕೇಳು. ಮುಖ ತೋರಿಸಿ ಮಾತಾಡು, ಮಗಳೇ. ದಯವಿಟ್ಟು.

...

ಹೌದು.

ಎಡಗಿವಿ ಮೊದಲು ಹೋಯ್ತು. ಹೋದ ಚಳಿಗಾಲದಿಂದ ಬಲಗಿವಿಯೂ ಇಲ್ಲ. ಬಾಯಿ ನೋಡಿ ತಿಳ್ಕೊಳ್ತೀನಿ. ತಿಳಿಯದೆ ಹೋದರೆ ಹೂಂ ಅಂತೀನಿ, ನಗ್ತೀನಿ. ಎಲ್ಲರಿಗೂ ಅಷ್ಟು ಸಾಕಾಗ್ತದೆ. ಪುಟ್ಟಿಗೆ ಸಾಕಾಗಲಿಲ್ಲ, ಎರಡು ಸಲ ಬಂದಳು. ನಾನು ಎರಡು ಸಲವೂ ತಲೆ ಸವರಿ ಕಳಿಸಿದೆ. ಅವರಪ್ಪ ಬೈಯುವಾಗ ಅವಳು ನನ್ನ ಮುಖವನ್ನೇ ನೋಡ್ತಿದ್ದಳು. ಆಗ ಅವಳ ತುಟಿ ನನಗೆ ಚೆನ್ನಾಗಿ ಕಾಣ್ತಿತ್ತು. 'ಹೇಳಿ ಅಜ್ಜಿ, ನಾನು ಹೇಳ್ದೆ ಅಲ್ವಾ' ಅಂತಿದ್ದಳು. ನಾನು ಡೈರಿ ಮಡಿಚಿಟ್ಟೆ.

ಆ ಪೆನ್ನು, ಈ ವರ್ಷದ ಡೈರಿ ಕೊಡು. ಇವತ್ತಿನ ಪುಟ ಇನ್ನೂ ಖಾಲಿ ಇದೆ.

'ಮಾರ್ಚ್ ಹತ್ತೊಂಬತ್ತು. ನನಗೆ ಎಪ್ಪತ್ತು ತುಂಬಿತು. ಪಾಪುವನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕಿದವಳು ನಾನು. ಅವನು ಬಾಗಿಲು ಬಡಿದು ಅತ್ತದ್ದು ನನಗೆ ಕೇಳಿಸಲಿಲ್ಲ. ಪುಟ್ಟಿ ನಿಜ ಹೇಳಿದಳು. ನನ್ನ ಮಾತು ನಂಬಿ ಅವಳನ್ನು ಎಲ್ಲರೆದುರು ಸುಳ್ಳಿ ಅಂದರು. ನಾಳೆಯಿಂದ ಮಕ್ಕಳನ್ನು ನನ್ನೊಬ್ಬಳ ಹತ್ತಿರ ಬಿಡುವುದಿಲ್ಲ. ಕೇಕ್ ಒಯ್ದು ಕೊಟ್ಟೆ. ಪುಟ್ಟಿ ತೆಗೆದುಕೊಂಡಳು, ಗೋಡೆಯ ಕಡೆ ತಿರುಗಿ ತಿಂದಳು.'

ಕೊನೆಯ ಎರಡು ಸಾಲು ಇನ್ನೂ ನಡೆದಿಲ್ಲ, ಗೊತ್ತು. ಕೇಕಿನ ತಟ್ಟೆ ಕೊಡು. ಹೋಗಿಬರ್ತೀನಿ.